ಬಾದಾಮಿ ಹೂವು, ಬುಗುರಿಯ ಅಕ್ಷರ: ಇಸ್ರೇಲಿನ ಮಕ್ಕಳಿಗೆ ಹಬ್ಬವೇ ಯಾಕೆ ಪಾಠ?

ಪ್ರಶ್ನೆ: ನಾನು ಕುಂದಾಪುರದ ಕಡೆಯವಳು. ಹೈಫಾದಲ್ಲಿ ಒಬ್ಬರು ಅಜ್ಜಿಯನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ, ನಾಲ್ಕು ವರ್ಷವಾಯಿತು. ಅಜ್ಜಿಯ ಮರಿಮಗ ಬಾಲವಾಡಿಗೆ ಹೋಗುತ್ತಾನೆ. ಎರಡು ಮೂರು ವಾರಕ್ಕೊಮ್ಮೆ ಏನಾದರೂ ಹಿಡಿದುಕೊಂಡು ಬರುತ್ತಾನೆ. ಒಮ್ಮೆ ಬುಗುರಿ, ಒಮ್ಮೆ ಕುಂಡದಲ್ಲಿ ಸಸಿ, ಒಮ್ಮೆ ತಲೆಗೆ ಹೂವಿನ ದಂಡೆ. ಕೇಳಿದರೆ ಎಲ್ಲದಕ್ಕೂ ‘ಹಬ್ಬ’ ಅನ್ನುತ್ತಾನೆ. ಆದರೆ ಈ ಮನೆಯವರು ಪೂಜೆ ಪ್ರಾರ್ಥನೆ ಮಾಡುವವರೇ ಅಲ್ಲ. ಹಾಗಿದ್ದರೆ ಇದು ಧರ್ಮದ ಪಾಠವೋ, ದೇಶಭಕ್ತಿಯ ಪಾಠವೋ? ಊರಲ್ಲಿ 9ನೇ ಕ್ಲಾಸಿನಲ್ಲಿರುವ ಮಗಳು ಫೋನಿನಲ್ಲಿ ಕೇಳುತ್ತಾಳೆ, ನನಗೆ ಹೇಳಲು ಬರುವುದಿಲ್ಲ. ಇನ್ನೊಂದು: ಮುಂದಿನ ಹಬ್ಬಕ್ಕೆ ಆ ಮಗುವಿಗೆ ನಾನು ನಮ್ಮ ಕಡೆಯ ಏನನ್ನಾದರೂ ಮಾಡಿಕೊಡಬಹುದೇ?

ಉತ್ತರ: ಎರಡನೆಯ ಪ್ರಶ್ನೆಗೆ ಉತ್ತರ ಅವಲಕ್ಕಿ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ. ಮೊದಲನೆಯದು ಸ್ವಲ್ಪ ಉದ್ದದ ಮಾತು.

ಮಗಳಿಗೆ ವಿವರಿಸುವಾಗ ದೇವರಿಂದ ಶುರುಮಾಡಬೇಡಿ, ಮಳೆಯಿಂದ ಶುರುಮಾಡಿ. ನೀವು ಅಲ್ಲಿ ನಾಲ್ಕು ಬೇಸಿಗೆ ಕಂಡಿದ್ದೀರಿ. ಜೂನ್‌ನಲ್ಲಿ ಕುಂದಾಪುರದಲ್ಲಿ ಅಂಗಳ ಕೆರೆಯಾಗಿದ್ದಾಗ ಹೈಫಾದಲ್ಲಿ ಒಂದು ಹನಿ ಬೀಳುವುದಿಲ್ಲ. ಅಲ್ಲಿ ಮಳೆ ಬರುವುದು ಅಕ್ಟೋಬರ್ ನಂತರ, ಏಪ್ರಿಲ್ ಹೊತ್ತಿಗೆ ಮುಗಿಯುತ್ತದೆ. ನಮ್ಮಲ್ಲಿ ಮುಂಗಾರು, ಹಿಂಗಾರು ಇದ್ದಂತೆ ಹೀಬ್ರೂವಿನಲ್ಲಿ ಮೊದಲ ಮಳೆಗೆ ‘ಯೋರೆ’, ಕೊನೆಯ ಮಳೆಗೆ ‘ಮಲ್ಕೋಶ್’ ಎಂಬ ಪ್ರತ್ಯೇಕ ಹೆಸರುಗಳಿವೆ. ಯೆಹೂದಿ ಹಬ್ಬಗಳ ಸಾಲು ಈ ಎರಡು ಮಳೆಗಳ ನಡುವೆ ಹೆಣೆದದ್ದು. ಶರತ್ಕಾಲದಲ್ಲಿ ಸುಕ್ಕೋತ್, ಕಣ ಕಟ್ಟಿ ಬೆಳೆ ಮನೆಗೆ ತಂದ ಹಬ್ಬ. ಅದು ಮುಗಿಯುವ ದಿನ ಮಳೆಗಾಗಿ ಪ್ರಾರ್ಥನೆ. ವಸಂತದಲ್ಲಿ ಪೆಸಾಹ್, ಜವೆಗೋಧಿ ಕೊಯ್ಯುವ ಹೊತ್ತು; ಆಗ ಇಬ್ಬನಿಗಾಗಿ ಪ್ರಾರ್ಥನೆ, ಏಕೆಂದರೆ ಇನ್ನು ಮುಂದೆ ಮಳೆ ಬೀಳುವ ಕಾಲವಲ್ಲ. ಅಲ್ಲಿಂದ ದಿನ ಎಣಿಸಿ 50ನೆಯ ದಿನಕ್ಕೆ ಶಾವುಓತ್, ಗೋಧಿ ಕೊಯ್ಲು ಮತ್ತು ಮೊದಲ ಹಣ್ಣಿನ ಹಬ್ಬ. ಈಜಿಪ್ಟಿನ ಬಿಡುಗಡೆ, ಸಿನಾಯ್ ಬೆಟ್ಟದಲ್ಲಿ ಧರ್ಮಶಾಸ್ತ್ರ ದೊರೆತದ್ದು, ಇವೆಲ್ಲ ಕಥೆಗಳು ಈ ಹಬ್ಬಗಳಿಗೆ ಅಂಟಿಕೊಂಡಿವೆ. ಆದರೆ ಅಡಿಯಲ್ಲಿರುವುದು ಹೊಲದ ಲೆಕ್ಕ.

ಈ ಲೆಕ್ಕ ತಪ್ಪದಿರಲಿ ಎಂದು ಅವರೂ ನಮ್ಮಂತೆ ಅಧಿಕಮಾಸ ಹಾಕುತ್ತಾರೆ. ತಿಂಗಳು ಚಂದ್ರನದು, ವರ್ಷ ಸೂರ್ಯನದು. 19 ವರ್ಷಕ್ಕೆ 7 ಸಲ ಒಂದು ತಿಂಗಳು ಹೆಚ್ಚುವರಿ. ನಮ್ಮಲ್ಲಿ 2023ರಲ್ಲಿ ಅಧಿಕ ಶ್ರಾವಣ ಬಂದಿತ್ತಲ್ಲ, ಅವರಿಗೆ 2024ರಲ್ಲಿ ಎರಡು ಅದಾರ್ ತಿಂಗಳು ಬಂದವು. ಹಾಗೆ ಮಾಡದಿದ್ದರೆ ಪೆಸಾಹ್ ಮೆಲ್ಲಗೆ ಜಾರಿ ಚಳಿಗಾಲಕ್ಕೆ ಹೋಗಿಬಿಡುತ್ತದೆ, ಕೊಯ್ಯಲು ಜವೆಗೋಧಿಯೇ ಇರುವುದಿಲ್ಲ. ಯುಗಾದಿ ಆಷಾಢಕ್ಕೆ ಬಂದರೆ ಬೇವಿನ ಹೂ ಎಲ್ಲಿಂದ ತರುವುದು ಎಂದು ಮಗಳನ್ನು ಕೇಳಿ, ಅವಳಿಗೆ ತಕ್ಷಣ ಹೊಳೆಯುತ್ತದೆ.

ಈಗ ವಿಚಿತ್ರ ಗಮನಿಸಿ. ಎರಡು ಸಾವಿರ ವರ್ಷದಷ್ಟು ಕಾಲ ಈ ಜನರಲ್ಲಿ ಬಹುಪಾಲು ಆ ನೆಲದಲ್ಲಿ ಇರಲಿಲ್ಲ. ಪೋಲೆಂಡಿನಲ್ಲಿ, ಮೊರಾಕೊದಲ್ಲಿ, ಯೆಮೆನ್‌ನಲ್ಲಿ, ನಮ್ಮ ಕೊಂಕಣದಲ್ಲಿ, ಕೊಚ್ಚಿಯಲ್ಲಿ ಇದ್ದರು. ಆದರೂ ಬೇರೊಂದು ಊರಿನ ಹವಾಮಾನಕ್ಕೆ ಹಬ್ಬ ಮಾಡುತ್ತಿದ್ದರು. ಹಿಮ ಬೀಳುವ ಊರಲ್ಲಿ ಕೂತು ‘ಮರಗಳ ಹೊಸವರ್ಷ’ ಆಚರಿಸುತ್ತಿದ್ದರು. ಇವತ್ತಿಗೂ ಮೆಲ್ಬರ್ನಿನ ಯೆಹೂದಿಗೆ ಮಳೆಯ ಪ್ರಾರ್ಥನೆ ಬರುವುದು ಅಲ್ಲಿ ಬಿಸಿಲೇರುವ ಹೊತ್ತಿಗೆ. ಈ ಪ್ರಾರ್ಥನೆಯಲ್ಲೇ ನನಗೆ ಬಹಳ ಇಷ್ಟವಾದ ಒಂದು ನಿಯಮವಿದೆ. ಇಸ್ರೇಲ್ ನೆಲದಲ್ಲಿ ನೇರವಾಗಿ ‘ಮಳೆ ಕೊಡು’ ಎಂದು ಕೇಳುವುದು ಸುಕ್ಕೋತ್ ಮುಗಿದು 15 ದಿನ ತಡೆದು, ಹೆಶ್ವಾನ್ ತಿಂಗಳ 7ನೇ ತಾರೀಕಿನಿಂದ. ಯಾಕೆ ತಡೆಯಬೇಕು? ಜೆರುಸಲೇಮಿಗೆ ಯಾತ್ರೆ ಬಂದವರಲ್ಲಿ ಎಲ್ಲರಿಗಿಂತ ದೂರದವನು ಯೂಫ್ರೆಟಿಸ್ ನದಿಯವರೆಗೆ ನೆನೆಯದೆ ತಲುಪಲಿ ಎಂದು ಯೆಹೂದಿ ಧರ್ಮನಿಯಮಗಳ ಹಳೆಯ ಸಂಗ್ರಹವಾದ ಮಿಶ್ನಾದಲ್ಲಿ ಬರೆದಿದೆ. ದೇವಾಲಯ ಹೋಯಿತು, ಯಾತ್ರೆ ನಿಂತಿತು. ಆ ಕೊನೆಯ ಯಾತ್ರಿಕನಿಗಾಗಿ ಕಾಯುವುದು ಮಾತ್ರ ನಿಂತಿಲ್ಲ.

ಹೀಗೆ ಬಾಯಲ್ಲಿ ಮಾತ್ರ ಉಳಿದಿದ್ದ ಊರನ್ನು ಮತ್ತೆ ಕಾಲಿನ ಕೆಳಗೆ ತಂದವರು ಯಾರು? ಧರ್ಮಗುರುಗಳಲ್ಲ, ಮೇಷ್ಟ್ರುಗಳು. ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಇಲ್ಲಿ.

ಹೈಫಾದಿಂದ ದಕ್ಷಿಣಕ್ಕೆ, ನಿಮ್ಮ ರಜೆಯ ದಿನ ಹೋಗಿಬರಬಹುದಾದಷ್ಟು ದೂರದಲ್ಲಿ ಜಿಖ್ರೋನ್ ಯಾಕೋವ್ ಎಂಬ ಊರಿದೆ. 1890ರಲ್ಲಿ ಅಲ್ಲಿನ ಶಾಲೆಯ ಜೀವ್ ಯಾವೆಟ್ಸ್ ಎಂಬ ಶಿಕ್ಷಕರು ಶ್ವಾತ್ ತಿಂಗಳ ಹುಣ್ಣಿಮೆಯ ದಿನ, ಅಂದರೆ ತು ಬಿಶ್ವಾತ್ ಎಂಬ ಆ ‘ಮರಗಳ ಹೊಸವರ್ಷ’ದಂದು, ಮಕ್ಕಳನ್ನು ಕರೆದುಕೊಂಡು ಹೋಗಿ ಸಸಿ ನೆಡಿಸಿದರು. ಆ ದಿನಕ್ಕೆ ಅದುವರೆಗೆ ಸಸಿ ನೆಡುವ ಸಂಪ್ರದಾಯವೇ ಇರಲಿಲ್ಲ. ಹಣ್ಣಿನ ದಶಾಂಶ ಕೊಡಲು ಮರದ ವರ್ಷ ಯಾವತ್ತು ಬದಲಾಗುತ್ತದೆ ಎಂಬ ಲೆಕ್ಕದ ದಿನ ಅದು, ನಮ್ಮ ಹಣಕಾಸು ವರ್ಷ ಶುರುವಾಗುವ ಏಪ್ರಿಲ್ 1ರ ಹಾಗೆ. ಒಬ್ಬ ಮೇಷ್ಟ್ರು ಕಂದಾಯದ ತಾರೀಕನ್ನು ಮಕ್ಕಳ ಹಬ್ಬ ಮಾಡಿದರು. 1903ರಲ್ಲಿ ಅದೇ ಊರಿನಲ್ಲಿ ಹೀಬ್ರೂ ಶಿಕ್ಷಕರ ಸಂಘ ಹುಟ್ಟಿತು. 1908ರಲ್ಲಿ ಆ ಸಂಘ ತು ಬಿಶ್ವಾತ್ ಅನ್ನು ಸಸಿ ನೆಡುವ ದಿನವೆಂದು ಸಾರಿತು. ಅಜ್ಜಿಯ ಮರಿಮಗ ಕುಂಡ ಹಿಡಿದುಕೊಂಡು ಬಂದದ್ದು ಆ ದಾರಿಯಲ್ಲಿ.

ಬಾಲವಾಡಿಗೆ ಹೀಬ್ರೂವಿನಲ್ಲಿ ‘ಗಾನ್’ ಅನ್ನುತ್ತಾರೆ, ನಿಮಗೆ ಗೊತ್ತು. ಗಾನ್ ಎಂದರೆ ತೋಟ. ಟೀಚರ್ ‘ಗನೆನೆತ್’, ತೋಟಗಾತಿ. ಮೊದಲ ಹೀಬ್ರೂ ಬಾಲವಾಡಿ 1898ರಲ್ಲಿ ರಿಷೋನ್ ಲೆಜಿಯೋನ್‌ನಲ್ಲಿ ತೆರೆಯಿತು. ಆಗಿನ ಟೀಚರುಗಳಿಗಿದ್ದ ಕಷ್ಟ ಊಹಿಸಿ. ಮಕ್ಕಳ ಮನೆಮಾತು ಯಿದ್ದಿಶ್, ಅರಬಿ, ರಷ್ಯನ್. ಹೀಬ್ರೂ ಪ್ರಾರ್ಥನೆಯ ಭಾಷೆ. ಅದರಲ್ಲಿ ಮೂರು ವರ್ಷದ ಮಗು ಹಾಡುವ ಹಾಡಿಲ್ಲ, ಆಟದ ಮಾತಿಲ್ಲ. ಹಾಡು ಅವರೇ ಕಟ್ಟಬೇಕು, ಆಟ ಅವರೇ ಹೂಡಬೇಕು. ಯಾವುದರ ಮೇಲೆ ಕಟ್ಟುವುದು? ಎಲ್ಲರ ಮನೆಯಲ್ಲೂ ಹೇಗೋ ಇದ್ದದ್ದು ಹಬ್ಬ ಒಂದೇ. ಹಾಗಾಗಿ ಭಾಷೆ, ಗಿಡಮರ, ಊಟ, ಇತಿಹಾಸ ಎಲ್ಲವನ್ನೂ ಹಬ್ಬದ ಗೂಟಕ್ಕೆ ಕಟ್ಟಿದರು. ಬೇಸಿಗೆಯ ಕೊನೆಗೆ ಎಲೆಯಿಲ್ಲದ ಉದ್ದ ದಂಟಿನಲ್ಲಿ ಬಿಳಿ ಹೂ ಬಿಡುವ ‘ಹತ್ಸಾವ್’ ಕಂಡರೆ ಹೊಸವರ್ಷ ಬಂತು; ಬಾದಾಮಿ ಮರ ಎಲೆಗೆ ಮೊದಲು ಹೂ ಬಿಟ್ಟರೆ ತು ಬಿಶ್ವಾತ್ ಬಂತು. ಕ್ಯಾಲೆಂಡರ್ ನೋಡದೆ ದಾರಿಬದಿ ನೋಡಿ ಹೇಳುವ ಈ ಜ್ಞಾನ ಪೋಲೆಂಡಿನ ತಾತನಿಗೆ ಇರಲಿಲ್ಲ, ಹೈಫಾದ ಮೊಮ್ಮಗುವಿಗೆ ಇದೆ.

ಇದು ಪ್ರತಿ ಶುಕ್ರವಾರವೂ ನಡೆಯುತ್ತದೆ. ವಾರದ ವಿಶ್ರಾಂತಿಯ ದಿನವಾದ ಸಬ್ಬತ್ತನ್ನು ಬರಮಾಡಿಕೊಳ್ಳಲು ಗಾನ್‌ನಲ್ಲಿ ಒಂದು ಮಗು ‘ಸಬ್ಬತ್ತಿನ ಅಮ್ಮ’, ಇನ್ನೊಂದು ‘ಸಬ್ಬತ್ತಿನ ಅಪ್ಪ’. ಮೇಣದಬತ್ತಿ, ಹೆಣೆದ ಬ್ರೆಡ್ಡು, ದ್ರಾಕ್ಷಿರಸ. ಮನೆಯಲ್ಲಿ ಅದ್ಯಾವುದೂ ಇಲ್ಲದ ಮಗು ಕೂಡ ವರ್ಷದಲ್ಲಿ ಒಂದೆರಡು ಸಲ ಆ ಪಾತ್ರ ಹಾಕುತ್ತದೆ. ಅದಕ್ಕೇ ನೀವು ಕಂಡದ್ದು: ಪ್ರಾರ್ಥನೆ ಮಾಡದ ಮನೆ, ಹಬ್ಬ ತಪ್ಪಿಸದ ಮನೆ. ನಮ್ಮಲ್ಲೂ ದೇವಸ್ಥಾನದ ಮೆಟ್ಟಿಲು ಹತ್ತದ ನಾಸ್ತಿಕ ಚೌತಿಗೆ ಕಡುಬು ತಪ್ಪಿಸುವುದಿಲ್ಲ ತಾನೆ?

ಬುಗುರಿಯ ಕಥೆ ಹೇಳಿದರೆ ಮಗಳಿಗೆ ಇಡೀ ವಿಷಯ ಅಂಗೈಯಲ್ಲಿ ಸಿಗುತ್ತದೆ. ಹನುಕಾ ಹಬ್ಬದ ಬುಗುರಿಗೆ ನಾಲ್ಕು ಮುಖ, ನಾಲ್ಕು ಅಕ್ಷರ. ಬೇರೆ ದೇಶಗಳಲ್ಲಿ ಮಾರುವ ಬುಗುರಿಯಲ್ಲಿ ನೂನ್, ಗಿಮೆಲ್, ಹೇ, ಶಿನ್. ‘ಅಲ್ಲಿ ದೊಡ್ಡ ಪವಾಡ ನಡೆಯಿತು’ ಎಂಬ ವಾಕ್ಯದ ಮೊದಲಕ್ಷರಗಳು ಅವು. ನಿಮ್ಮ ಮನೆಯ ಬುಗುರಿ ತಿರುಗಿಸಿ ನೋಡಿ, ಶಿನ್ ಇರುವುದಿಲ್ಲ, ಪೇ ಇರುತ್ತದೆ. ಶಾಮ್ ಎಂದರೆ ಅಲ್ಲಿ, ಪೋ ಎಂದರೆ ಇಲ್ಲಿ. ‘ಇಲ್ಲಿ ದೊಡ್ಡ ಪವಾಡ ನಡೆಯಿತು.’ ಒಂದಕ್ಷರ ಬದಲಾಗಿ ಆಟಿಕೆಗೆ ಊರು ಸಿಕ್ಕಿತು.

ಹಾಗೆಂದು ಮೇಷ್ಟ್ರುಗಳು ಇದ್ದದ್ದನ್ನು ಇದ್ದ ಹಾಗೇ ಕಲಿಸಲಿಲ್ಲ. ಹನುಕಾ ಹಬ್ಬದಲ್ಲಿ ಹಳೆಯ ಧರ್ಮಪಂಡಿತರು ಎತ್ತಿ ಹೇಳಿದ್ದು ಒಂದು ದಿನದ ಎಣ್ಣೆ ಎಂಟು ದಿನ ಉರಿದ ಪವಾಡವನ್ನು. ಹೊಸ ಶಾಲೆಗಳಿಗೆ ಬೇಕಾದದ್ದು ಗ್ರೀಕ್ ಅರಸರ ವಿರುದ್ಧ ಬಂಡೆದ್ದ ಮಕಾಬಿಗಳ ಕಥೆ. ನಿಮ್ಮ ಊರಿನ ಫುಟ್‌ಬಾಲ್ ತಂಡದ ಹೆಸರೇ ಮಕಾಬಿ ಹೈಫಾ ಅಲ್ಲವೇ? ಬೆಂಕಿ ಹಾಕುವ ಲಾಗ್ ಬಓಮೆರ್ ಹಬ್ಬದಲ್ಲೂ ಇದೇ ಕಥೆ: ಒಬ್ಬ ಗುರುವಿನ ಸ್ಮರಣೆಯ ಪಕ್ಕದಲ್ಲಿ ರೋಮಿನ ವಿರುದ್ಧ ಬಾರ್ ಕೊಖ್ಬಾ ನಡೆಸಿದ ಬಂಡಾಯ ಬಂದು ಕೂತಿತು. ಇದು ಧರ್ಮವೋ ದೇಶಭಕ್ತಿಯೋ ಎಂದು ಕೇಳಿದ್ದೀರಿ. ಧರ್ಮದ ಪಾತ್ರೆಯಲ್ಲಿ ದೇಶವನ್ನು ಬೇಯಿಸಿದ್ದು ಎಂದು ನಾನು ಹೇಳುತ್ತೇನೆ. ಪಾತ್ರೆಯ ರುಚಿಯೂ ಅಡುಗೆಗೆ ಹತ್ತಿದೆ.

ಕಿಬ್ಬುತ್ಸ್‌ಗಳು, ಅಂದರೆ ಎಲ್ಲರೂ ಒಟ್ಟಿಗೆ ದುಡಿದು ಹಂಚಿಕೊಂಡು ಬಾಳುವ ಬೇಸಾಯದ ಊರುಗಳು, ಇನ್ನೂ ಮುಂದೆ ಹೋದವು. ದೇವರನ್ನು ಬಿಟ್ಟವರು ಅವರು, ಆದರೆ ಹಬ್ಬವನ್ನು ಬಿಡಲಿಲ್ಲ. ಪೆಸಾಹ್ ರಾತ್ರಿ ಓದುವ ಹಗ್ಗಾದಾವನ್ನು ತಾವೇ ಹೊಸದಾಗಿ ಬರೆದುಕೊಂಡರು. ಅದರಲ್ಲಿ ವಸಂತ, ಕೊಯ್ಲು, ವಲಸೆಯ ಕಥೆ ಸೇರಿಸಿದರು. ಹೈಫಾದ ಹತ್ತಿರದ ರಮಾತ್ ಯೋಹನಾನ್‌ನಲ್ಲಿ ಪೆಸಾಹ್ ಹೊತ್ತಿಗೆ ಹೊಲಕ್ಕಿಳಿದು ಹಾಡಿ ಕುಣಿದು ಮೊದಲ ತೆನೆ ಕೊಯ್ಯುವ ಆಚರಣೆ ಪ್ರಸಿದ್ಧ. ಶಾವುಓತ್‌ಗೆ ಟ್ರ್ಯಾಕ್ಟರುಗಳಿಗೆ ಅಲಂಕಾರ ಮಾಡಿ ಮೆರವಣಿಗೆ. ಬುಟ್ಟಿಗಳಲ್ಲಿ ಹಣ್ಣು, ಆ ವರ್ಷ ಹುಟ್ಟಿದ ಕೂಸುಗಳನ್ನೂ ‘ಮೊದಲ ಫಲ’ ಎಂದು ವೇದಿಕೆಗೆ ತರುತ್ತಾರೆ. ನಿಮ್ಮ ಮನೆಯ ಮಗುವಿನ ಹೂದಂಡೆ ಆ ಹಬ್ಬದ್ದೇ ಇರಬೇಕು. ಬಿಳಿ ಅಂಗಿ ಹಾಕಿ ಕೈಯಲ್ಲಿ ಬುಟ್ಟಿಯನ್ನೂ ಕೊಟ್ಟು ಕಳಿಸಿರುತ್ತಾರೆ.

ಪೆಸಾಹ್ ಬಗ್ಗೆ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಕಲಿಸುವ ವಿದ್ಯೆಯಲ್ಲಿ ಈ ಜನರ ಮೂಲ ಬಂಡವಾಳ ಇರುವುದು ಅಲ್ಲಿ. ‘ಆ ದಿನ ನಿನ್ನ ಮಗುವಿಗೆ ಹೇಳು’ ಎಂಬುದು ಅವರ ಧರ್ಮಶಾಸ್ತ್ರವಾದ ತೋರಾದ ಆಜ್ಞೆ. ಆದರೆ ದೊಡ್ಡವರು ಹೇಳಲು ಶುರುಮಾಡುವುದಿಲ್ಲ, ಮಗು ಕೇಳಬೇಕು. ಮನೆಯ ಅತಿ ಚಿಕ್ಕ ಮಗು ಎದ್ದು ‘ಈ ರಾತ್ರಿ ಬೇರೆ ರಾತ್ರಿಗಳಿಗಿಂತ ಯಾಕೆ ಬೇರೆ?’ ಎಂದು ಹಾಡುತ್ತದೆ. ಹುಳಿ ಹಾಕದ ರೊಟ್ಟಿ ಯಾಕೆ, ಕಹಿ ಸೊಪ್ಪು ಯಾಕೆ, ಒರಗಿ ಕೂರುವುದು ಯಾಕೆ? ಊಟದ ಮೇಜೇ ಪ್ರಶ್ನಪತ್ರಿಕೆ. ಮಗು ನಿದ್ದೆ ಹೋಗದಿರಲೆಂದು ಒಂದು ತುಂಡು ರೊಟ್ಟಿ ಬಚ್ಚಿಟ್ಟು ಹುಡುಕಿಸುವ ಆಟ ಬೇರೆ. ಬುದ್ಧಿವಂತ, ದುಷ್ಟ, ಮುಗ್ಧ, ಕೇಳಲೇ ಬಾರದವನು ಎಂದು ನಾಲ್ಕು ಬಗೆಯ ಮಕ್ಕಳನ್ನು ಹಗ್ಗಾದಾ ಹೆಸರಿಸಿ, ಒಬ್ಬೊಬ್ಬನಿಗೂ ಬೇರೆ ಉತ್ತರ ಹೇಳಿಕೊಡುತ್ತದೆ. ಕ್ಲಾಸಿನಲ್ಲಿ ಮೂವತ್ತು ವರ್ಷ ಕಳೆದ ನನಗೆ ಈ ವಿಂಗಡಣೆ ಯಾವ ತರಬೇತಿ ಶಿಬಿರದಲ್ಲಿ ಕೇಳಿದ್ದಕ್ಕಿಂತಲೂ ನಿಜವೆನಿಸುತ್ತದೆ. (ದುಷ್ಟನನ್ನೂ ಮೇಜಿನಿಂದ ಎಬ್ಬಿಸಿ ಕಳಿಸುವುದಿಲ್ಲ ಎಂಬುದನ್ನು ಗಮನಿಸಿ.) ರಾತ್ರಿಯ ಕೊನೆಗೆ ‘ಮುಂದಿನ ವರ್ಷ ಜೆರುಸಲೇಮಿನಲ್ಲಿ’ ಅನ್ನುತ್ತಾರೆ. ಜೆರುಸಲೇಮಿನಲ್ಲೇ ಕೂತವರು ‘ಮತ್ತೆ ಕಟ್ಟಿದ ಜೆರುಸಲೇಮಿನಲ್ಲಿ’ ಎಂದು ಸೇರಿಸುತ್ತಾರೆ.

ಇಸ್ರೇಲಿನ ಹೊರಗಿನ ಯೆಹೂದಿ ಶಾಲೆಗಳಿಗೆ ಇರುವುದು ತದ್ವಿರುದ್ಧ ಕೆಲಸ. ಅಲ್ಲಿ ಕಾಲಿನ ಕೆಳಗೆ ಆ ನೆಲವಿಲ್ಲ. ಹಬ್ಬದ ಮೂಲಕ ನೆಲವನ್ನು ತೋರಿಸಬೇಕು. ನ್ಯೂಯಾರ್ಕಿನಲ್ಲಿ ತು ಬಿಶ್ವಾತ್ ಬರುವುದು ಕಡುಚಳಿಯಲ್ಲಿ, ಸಸಿ ನೆಡಲು ಗುದ್ದಲಿಯೇ ಇಳಿಯುವುದಿಲ್ಲ. ಅದಕ್ಕೆ 1901ರಲ್ಲಿ ಹುಟ್ಟಿದ ಯೆಹೂದಿ ರಾಷ್ಟ್ರೀಯ ನಿಧಿಯ ನೀಲಿ ಡಬ್ಬಿ ಬಂತು; ಮಕ್ಕಳು ಅದಕ್ಕೆ ಚಿಲ್ಲರೆ ಹಾಕಿದರೆ ಇಸ್ರೇಲಿನಲ್ಲಿ ಅವರ ಹೆಸರಿಗೆ ಒಂದು ಮರ. ಆ ನೆಲದ ಹಣ್ಣು ಯೂರೋಪಿಗೆ ತಾಜಾ ಬರುತ್ತಿರಲಿಲ್ಲ, ಹಾಗಾಗಿ ಒಣ ಅಂಜೂರ, ಒಣ ಖರ್ಜೂರ ತಿನ್ನುವ ರೂಢಿ ಬಿತ್ತು. ತಮಾಷೆ ಏನೆಂದರೆ, ಅಂಜೂರದ ಮರದ ಪಕ್ಕದಲ್ಲೇ ಇರುವ ಇಸ್ರೇಲಿನವರೂ ಇವತ್ತು ಆ ಹಬ್ಬಕ್ಕೆ ಅಂಗಡಿಯಿಂದ ಒಣಹಣ್ಣು ತರುತ್ತಾರೆ, 2024ರಲ್ಲಿ ಟರ್ಕಿ ವ್ಯಾಪಾರ ನಿಲ್ಲಿಸುವವರೆಗೆ ಅದರಲ್ಲಿ ಎಷ್ಟೋ ಅಲ್ಲಿಂದಲೇ ಬರುತ್ತಿತ್ತು. ಈಗ ಪ್ರೌಢಶಾಲೆ ಮುಗಿಸಿದ ಇಸ್ರೇಲಿ ಯುವಕ ಯುವತಿಯರು ಸೈನ್ಯಕ್ಕೆ ಮೊದಲು ಒಂದು ವರ್ಷ ಹೊರದೇಶದ ಯೆಹೂದಿ ಶಾಲೆಗಳಿಗೆ ಹೋಗಿ ಹಾಡು, ಅಡುಗೆ, ಮಾತು ಕಲಿಸುತ್ತಾರೆ. ‘ಶಿನ್‌ಶಿನಿಮ್’ ಎಂದು ಅವರ ಹೆಸರು. ನನ್ನ ಅಭಿಪ್ರಾಯದಲ್ಲಿ ನೂರು ನಕ್ಷೆಗಿಂತ ಅಂಥ ಒಬ್ಬ ಹದಿನೆಂಟರ ಹುಡುಗಿ ಮೇಲು.

ಮಗಳಿಗೆ ಹೇಳುವಾಗ ಸಿಹಿಯನ್ನಷ್ಟೇ ಹೇಳಬೇಡಿ. ಆ ನಿಧಿ ನೆಟ್ಟ ಕಾಡುಗಳಲ್ಲಿ ಕೆಲವು, ಇಸ್ರೇಲ್ ಹುಟ್ಟಿದಾಗಿನ 1948ರ ಯುದ್ಧದಲ್ಲಿ ಅರಬರು ಬಿಟ್ಟುಹೋಗಬೇಕಾದ ಹಳ್ಳಿಗಳ ಜಾಗದಲ್ಲಿವೆ. ಒಂದೇ ಜಾತಿಯ ಪೈನ್ ಮರ ಹೆಚ್ಚಾಗಿ ನೆಟ್ಟದ್ದರ ಬಗ್ಗೆ ಅಲ್ಲಿನವರೇ ಟೀಕಿಸಿದ್ದಾರೆ. ನೀವಿರುವ ಕಾರ್ಮೆಲ್ ಬೆಟ್ಟಕ್ಕೆ 2010ರ ಡಿಸೆಂಬರಿನಲ್ಲಿ, ಹನುಕಾ ದಿನಗಳಲ್ಲೇ, ಬೆಂಕಿ ಬಿದ್ದು 44 ಜನ ಸತ್ತರು. ಇಸ್ರೇಲಿನ ಪ್ರಜೆಗಳಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಅರಬರು. ಅವರ ಶಾಲೆಗಳ ಹಬ್ಬಗಳೇ ಬೇರೆ, ಮತ್ತು ನೆರೆಯವರ ಸ್ವಾತಂತ್ರ್ಯದಿನ ಅವರಲ್ಲಿ ಅನೇಕರಿಗೆ ನಷ್ಟದ ನೆನಪು. ಕಟ್ಟಾ ಸಂಪ್ರದಾಯದ ಹರೇದಿ ಶಾಲೆಗಳಲ್ಲಿ ಹೆಚ್ಚಿನವು ಸ್ವಾತಂತ್ರ್ಯದಿನವನ್ನೇ ಆಚರಿಸುವುದಿಲ್ಲ. ಹೈಫಾದಲ್ಲಿ ಇದಕ್ಕೆ ಒಂದು ಸ್ಥಳೀಯ ಉತ್ತರವಿದೆ: ವಾದಿ ನಿಸ್ನಾಸ್ ಬೀದಿಗಳಲ್ಲಿ ಡಿಸೆಂಬರಿನ ‘ಹಬ್ಬಗಳ ಹಬ್ಬ’, ಹನುಕಾ, ಕ್ರಿಸ್‌ಮಸ್, ರಂಜಾನ್ ಮೂರನ್ನೂ ಸೇರಿಸಿ ಆಚರಿಸುವುದು. ಅಲ್ಲಿ ಯಾರ ಜಗಳವೂ ಬಗೆಹರಿಯುವುದಿಲ್ಲ, ಆದರೆ ಮಗು ಪಕ್ಕದ ಬೀದಿಯ ದೀಪವನ್ನಾದರೂ ನೋಡುತ್ತದೆ.

ಸೈರನ್ ವಿಷಯ ನೀವು ಬರೆದಿಲ್ಲ, ಆದರೆ ಕೇಳಿಯೇ ಇರುತ್ತೀರಿ. ಪೆಸಾಹ್ ಮುಗಿದ ಮೇಲೆ, ನಾಜಿಗಳು ನಡೆಸಿದ ಯೆಹೂದಿ ಹತ್ಯಾಕಾಂಡದ ಸ್ಮರಣೆಯ ದಿನ ಬೆಳಿಗ್ಗೆ 10ಕ್ಕೆ ಎರಡು ನಿಮಿಷ. ಮುಂದಿನ ವಾರ ಸತ್ತ ಸೈನಿಕರ ಸ್ಮರಣೆಗೆ ರಾತ್ರಿ 8ಕ್ಕೆ ಒಂದು ನಿಮಿಷ, ಮರುದಿನ 11ಕ್ಕೆ ಎರಡು ನಿಮಿಷ. ಅದೇ ಸಂಜೆ ಕತ್ತಲಾಗುತ್ತಲೇ ಸ್ವಾತಂತ್ರ್ಯದ ಹಬ್ಬ, ಮರುದಿನ ಉದ್ಯಾನಗಳಲ್ಲಿ ಮಾಂಸ ಸುಡುವ ಹೊಗೆ. ಐದು ವರ್ಷದ ಮಗುವಿಗೆ ಇದನ್ನು ಹೇಗೆ ಹೇಳುವುದು ಎಂಬುದು ಗನೆನೆತ್‌ಗಳಿಗೆ ಪ್ರತಿ ವರ್ಷದ ತಲೆನೋವು. 1973ರ ಯುದ್ಧ ಉಪವಾಸದ ಯೋಮ್ ಕಿಪ್ಪೂರ್ ದಿನ ಬಂತು, 2023ರ ಅಕ್ಟೋಬರ್ 7ರ ಹಮಾಸ್ ದಾಳಿ ಸಿಮ್ಹಾತ್ ತೋರಾ ಹಬ್ಬದ ದಿನ. ಕುಣಿದಾಡುವ ಹಬ್ಬದ ದಿನವೇ ಈಗ ಎಷ್ಟೋ ಮನೆಗಳಲ್ಲಿ ತಿಥಿಯ ದಿನ. ಇದಕ್ಕೆ ಇನ್ನೂ ಯಾವ ಮೇಷ್ಟ್ರೂ ಹಾಡು ಕಟ್ಟಿಲ್ಲದಿದ್ದರೆ ನನಗೆ ಆಶ್ಚರ್ಯವಿಲ್ಲ.

ಇನ್ನು ಅಡುಗೆಮನೆ. ಇಸ್ರೇಲಿನ ಸಂಸ್ಕೃತಿ ಎಂದರೆ ಒಂದೇ ತಟ್ಟೆಯಲ್ಲ. ಹನುಕಾಕ್ಕೆ ಪೋಲೆಂಡಿನವರ ಮನೆಯಲ್ಲಿ ಆಲೂಗಡ್ಡೆಯ ಲಾತ್ಕೆ, ಮೊರಾಕೊದವರ ಮನೆಯಲ್ಲಿ ಹಿಟ್ಟು ಕರಿದು ಮಾಡುವ ಸ್ಫೆಂಜ್. ಬೇಕರಿಯ ಜಾಮ್ ತುಂಬಿದ ಸುಫ್ಗಾನಿಯಾ ಎಲ್ಲರನ್ನೂ ಗೆದ್ದದ್ದಕ್ಕೆ ಕಾರ್ಮಿಕ ಒಕ್ಕೂಟ ಹಿಸ್ತದ್ರೂತ್ ಕಾರಣ ಎನ್ನುತ್ತಾರೆ: ಲಾತ್ಕೆಯನ್ನು ಮನೆಯಲ್ಲೇ ಮಾಡಿಕೊಳ್ಳಬಹುದು, ಸುಫ್ಗಾನಿಯಾ ಆದರೆ ಬೇಕರಿಯವರಿಗೆ ಕೆಲಸ. ಪೆಸಾಹ್‌ನಲ್ಲಿ ನಿಮಗೆ ಅನ್ನ ಮಾಡಲು ಬಿಟ್ಟರೋ ಇಲ್ಲವೋ ಎಂಬುದರಿಂದಲೇ ಅಜ್ಜಿಯ ಮನೆತನ ಎಲ್ಲಿಯದೆಂದು ಸ್ವಲ್ಪಮಟ್ಟಿಗೆ ಊಹಿಸಬಹುದು. ಪೂರ್ವ ಯೂರೋಪಿನ ಸಂಪ್ರದಾಯಸ್ಥರು ಆ ವಾರ ಅಕ್ಕಿ ಮುಟ್ಟುವುದಿಲ್ಲ, ಮಧ್ಯಪ್ರಾಚ್ಯದವರಲ್ಲಿ ಹೆಚ್ಚಿನವರು ತಿನ್ನುತ್ತಾರೆ. ಇಥಿಯೋಪಿಯಾದ ಯೆಹೂದಿಗಳ ಸಿಗ್ದ್ ಹಬ್ಬಕ್ಕೆ 2008ರಲ್ಲಿ ಕಾನೂನಿನ ಮಾನ್ಯತೆ ಸಿಕ್ಕಿ, ಅದೂ ಶಾಲೆಯ ಪಾಠಕ್ಕೆ ಬಂತು.

ನಮ್ಮ ಕರಾವಳಿಯ ನೆಂಟರೂ ಅಲ್ಲಿದ್ದಾರೆ. ಕೊಚ್ಚಿಯಿಂದ ಹೋದವರು ದಕ್ಷಿಣದ ನೆಗೆವ್ ಮರುಭೂಮಿಯ ನೆವಾತಿಮ್ ಎಂಬ ಹಳ್ಳಿಯಲ್ಲಿ ನೆಲೆಸಿದರು. ಕೊಂಕಣದ ಬೆನೆ ಇಸ್ರೇಲ್ ಜನ ದಿಮೋನಾ, ಅಷ್ದೋದ್, ಲೋದ್ ಊರುಗಳಲ್ಲಿದ್ದಾರೆ. ಇವರು ಹಬ್ಬಗಳಿಗೆ ಮರಾಠಿಯಲ್ಲೇ ಹೆಸರಿಟ್ಟಿದ್ದರು: ಮನೆ ಬಾಗಿಲು ಹಾಕಿ ಉಪವಾಸ ಕೂರುವ ಯೋಮ್ ಕಿಪ್ಪೂರ್‌ಗೆ ‘ದಾರ್‌ಫಾಳ್ನಿಚಾ ಸಣ್’, ಹೋಳಿಯ ಹೊತ್ತಿಗೆ ಬರುವ ಪೂರಿಮ್‌ಗೆ ‘ಹೋಳೀಚಾ ಸಣ್’. ಪ್ರವಾದಿ ಎಲೀಯ ಅಲಿಬಾಗ್ ಹತ್ತಿರದ ಖಂಡಾಲಾ ಹಳ್ಳಿಯಲ್ಲಿ ಕಾಣಿಸಿಕೊಂಡನೆಂಬುದು ಅವರ ನಂಬಿಕೆ. ತು ಬಿಶ್ವಾತ್‌ಗೆ ಅವನ ನೆನಪಿನಲ್ಲಿ ‘ಮಲಿದಾ’ ಮಾಡುತ್ತಾರೆ. ಮಲಿದಾ ಎಂದರೆ ನೆನೆಸಿದ ಅವಲಕ್ಕಿ, ತೆಂಗಿನ ತುರಿ, ಸಕ್ಕರೆ, ಏಲಕ್ಕಿ, ಸುತ್ತ ಹಣ್ಣುಗಳು. ನಮ್ಮ ಸಿಹಿ ಅವಲಕ್ಕಿಯೇ ಅನ್ನಿ.

ಹಾಗಾಗಿ ಬಾದಾಮಿ ಹೂ ಬಿಟ್ಟಾಗ ಆ ಮಗುವಿಗೆ ಅವಲಕ್ಕಿ ಮಾಡಿಕೊಡಿ. ಅದು ನಿಮ್ಮ ಊರಿನದೂ ಹೌದು, ಅವರ ಹಬ್ಬದ್ದೂ ಹೌದು. ನೆನೆಸುವ ಮೊದಲು ಸವ್ತಾಳನ್ನು, ಅಂದರೆ ಅಜ್ಜಿಯನ್ನು, ಒಂದು ಮಾತು ಕೇಳಿ, ಯಾವ ಪಾತ್ರೆ ಬಳಸಲಿ ಎಂದು. ಕೋಷರ್ ಎಂಬ ಆಹಾರದ ಮಡಿ ನಿಯಮ ಪಾಲಿಸದ ಮನೆಯಲ್ಲೂ ಹಿರಿಯರಿಗೆ ಕೆಲವು ಪಾತ್ರೆಗಳ ಮೇಲೆ ಮಮತೆ ಇರುತ್ತದೆ. ದಾಳಿಂಬೆ ಕಾಳು, ಖರ್ಜೂರ, ಅಂಜೂರ, ದ್ರಾಕ್ಷಿ ಮೇಲೆ ಹಾಕಿ. ತೋರಾ ಹೆಸರಿಸಿದ, ಆ ನೆಲದ ಏಳು ಬೆಳೆಗಳಲ್ಲಿ ನಾಲ್ಕು ಅವೇ. ಉಳಿದ ಮೂರನ್ನು ಮಗುವೇ ಹೇಳುತ್ತದೆ, ಕೇಳಿ ನೋಡಿ. ಅವನು ಹೇಳುವಾಗ ಮಗಳನ್ನು ವಿಡಿಯೋ ಕಾಲ್‌ಗೆ ಹಾಕಿ.